ಹೋಗಿ ಬನ್ನಿ ಎನ್ನದ ಅಂಗಡಿ

ನನ್ನ ಅಕ್ಷರ ಸೊಟ್ಟ, ಮಾತು ಅದಕ್ಕಿಂತಲೂ ಸೊಟ್ಟ. ಮೂರನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಅದೂ ತಮಿಳು ಶಾಲೆ. ಕನ್ನಡದ ಅಕ್ಷರಗಳನ್ನು ಅಜ್ಜ ಮರಳಿನ ಮೇಲೆ ತಿದ್ದಿಸಿ ಕಲಿಸಿದ್ದರು. ಓದುವವರು ಸಹಿಸಿಕೊಳ್ಳಬೇಕು.

ಕೊಯಮತ್ತೂರಿನಲ್ಲಿ ನಮ್ಮದು ಸಾವಿನ ಸಾಮಗ್ರಿಯ ಅಂಗಡಿ. ಮಾವನವರ ತಂದೆ ಆರಂಭಿಸಿದ್ದು. ಚಟ್ಟದ ಬಿದಿರು, ಮಡಕೆ, ಹೊಸ ಬಟ್ಟೆ ಒದಗಿಸುವುದು, ಶಂಖ ಊದುವವನಿಗೆ ಹೇಳಿ ಕಳುಹಿಸುವುದು, ದಿಕ್ಕು ತೋಚದೆ ಕುಳಿತ ಮನೆಯವರಿಗೆ ಮುಂದೇನು ಎಂದು ತಿಳಿಸುವುದು ಎಲ್ಲವೂ ನಮ್ಮ ಯಜಮಾನರ ಕೆಲಸ. ಅಳುವಿನ ನಡುವೆ ನಗು ಯಾವ ಸಂದಿಯಿಂದ ನುಸುಳುತ್ತದೆಯೋ ನಾನರಿಯೆ; ನಮ್ಮಲ್ಲಂತೂ ಆಗಾಗ ನುಸುಳುತ್ತಲೇ ಇರುತ್ತದೆ. ಅಂಗಡಿಯ ಹಿಂದೆಯೇ ಮನೆ, ಎರಡಕ್ಕೂ ಒಂದೇ ಹೊಸ್ತಿಲು. ಈ ಹೊಸ್ತಿಲು ದಾಟಿ ಬಂದು ನನ್ನ ಮಗಳನ್ನು ಯಾರು ಹೆಣ್ಣು ಕೇಳುತ್ತಾರೆ ಎಂಬ ಚಿಂತೆ ಮಾತ್ರ ನಗುವಾಗಲೂ ನನ್ನನ್ನು ಬಿಡುತ್ತಿರಲಿಲ್ಲ.

ಬಾಯಿ ತಪ್ಪಿದ ಮಾತು

ನಾನು ಮದುವೆಯಾಗಿ ಬಂದ ಹೊಸತು. ಯಜಮಾನರು ಹೊರಗೆ ಹೋಗಿದ್ದರು. ವಯಸ್ಸಾದವರೊಬ್ಬರು ಬಂದು ಮಡಕೆ, ಬಟ್ಟೆ ಕೇಳಿದರು. ಕೊಟ್ಟೆ. ತವರಿನ ಅಭ್ಯಾಸದಂತೆ, "ಹೋಗಿ ಬನ್ನಿ" ಎಂದುಬಿಟ್ಟೆ.

ಅವರು ಮೆಟ್ಟಿಲ ಮೇಲೆಯೇ ನಿಂತು, ನಿಧಾನವಾಗಿ ತಿರುಗಿ ನೋಡಿದರು.

"ಅಮ್ಮಣಿ, ಮನೆಯಲ್ಲಿ ಇನ್ನು ಉಳಿದಿರುವುದು ನಾನೊಬ್ಬನೇ."

ಅಂದು ಅತ್ತೆಯವರು ಹೇಳಿದರು: "ಈ ಹೊಸ್ತಿಲಿನಲ್ಲಿ ಯಾರನ್ನೂ ಹೋಗಿ ಬನ್ನಿ ಅನ್ನಬಾರದು ಕಣೇ. ತಲೆ ಆಡಿಸು, ಸಾಕು." ಅಂದಿನಿಂದ ಇಪ್ಪತ್ತೈದು ವರ್ಷ ತಲೆ ಆಡಿಸಿದ್ದೇನೆ.

ಆತುರವಿಲ್ಲದ ಹಿರಿಯರು

ನಿವೃತ್ತರಾದ ಮೇಷ್ಟರೊಬ್ಬರು ತಮ್ಮ ಏರ್ಪಾಡನ್ನು ತಾವೇ ಮಾಡಿಕೊಳ್ಳಲು ಬಂದರು. ಮಕ್ಕಳ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಬಿದಿರುಗಳನ್ನು ಒಂದೊಂದಾಗಿ ತಟ್ಟಿ ನೋಡಿದರು. ತಮ್ಮ ಎತ್ತರ ಅಳೆಸಿದರು. ಶಂಖದವನನ್ನು ಕರೆಸಿ ಊದಿಸಿ, "ಇವನಿಗೆ ಉಸಿರು ಸಾಲದು, ಬೇರೆಯವನನ್ನು ನೋಡಿ" ಎಂದರು. ನಾನು ಬಾಗಿಲ ಸಂದಿಯಿಂದ ಕಣ್ಣು ಕೀಳದೆ ನೋಡುತ್ತಿದ್ದೆ. ತನ್ನ ಕೊನೆಯ ಯಾತ್ರೆಗೆ ಒಬ್ಬ ಮನುಷ್ಯ ಇಷ್ಟು ಉತ್ಸಾಹದಿಂದ ಸಿದ್ಧನಾಗುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಯಜಮಾನರು ಎಲ್ಲವನ್ನೂ ಬರೆದುಕೊಂಡು, ರೂಢಿಯಂತೆ ಕೇಳಿದರು: "ಯಾವಾಗ ಬೇಕು ಅಯ್ಯಾ?"

"ಆತುರವೇನಿಲ್ಲ," ಎಂದರು ಮೇಷ್ಟರು. "ನನ್ನ ಹಿಂದೆ ಬಂದವರದನ್ನೆಲ್ಲ ಮೊದಲು ಮುಗಿಸಿ. ನಾನು ಕಾಯುತ್ತೇನೆ."

ಕಿತ್ತಳೆ ಹಣ್ಣು

ಪಕ್ಕದ ಬೀದಿಯಲ್ಲಿ ಯಜಮಾನರ ಗೆಳೆಯರೊಬ್ಬರು ಹತ್ತು ದಿನ ಜ್ವರದಿಂದ ಮಲಗಿದ್ದರು. ಇವರು ಕಿತ್ತಳೆ ಹಣ್ಣು ತೆಗೆದುಕೊಂಡು ನೋಡಲು ಹೋದರು. ಬೀದಿಯ ಹೆಂಗಸರು ಇವರ ತಲೆ ಕಂಡೊಡನೆ ಸೆರಗು ಬಾಯಿಗಿಟ್ಟು ಅಳುತ್ತ ಹೊರಗೆ ಬಂದರಂತೆ. ಆ ಗದ್ದಲ ಕೇಳಿ ರೋಗಿಯೇ ಎದ್ದು ಬಾಗಿಲಿಗೆ ಬಂದು, ಕಂಬ ಹಿಡಿದು ನಿಂತು, "ನಾನು ಚೆನ್ನಾಗಿದ್ದೀನಪ್ಪ, ನೋಡು, ನಿಂತಿದ್ದೀನಿ" ಎಂದರಂತೆ. ಸಂಜೆಗೆ ಸಾರು ಅನ್ನ ಉಂಡರು. ಜ್ವರ ಮರಳಲಿಲ್ಲ.

ಮುಂದಿನ ವಾರ ಎದುರು ಮನೆಯಾಕೆ ಸಂಕೋಚದಿಂದ ಬಂದಳು. "ಅಕ್ಕಾ, ನಮ್ಮ ಮಾವನಿಗೂ ಜ್ವರ ಬಿಡ್ತಾ ಇಲ್ಲ. ಅಣ್ಣ ಒಂದು ಸಲ ನಮ್ಮ ಮನೆ ಮುಂದೆ ನಡೆದು ಹೋಗ್ತಾರಾ?"

ಮೆಟ್ಟುಪಾಳ್ಯದ ಅಜ್ಜಿ

ಕೊನೆಗೂ ಮಗಳನ್ನು ನೋಡಲು ಒಂದು ಮನೆಯವರು ಬಂದರು. ಮೆಟ್ಟುಪಾಳ್ಯದಲ್ಲಿ ಅಡಿಕೆ ವ್ಯಾಪಾರ, ಮನೆಮಾತು ಕನ್ನಡ. ವರನ ಅಜ್ಜಿ ಹೇಳಿದ್ದೇ ಅಲ್ಲಿ ಕೊನೆಯ ಮಾತು. ಆಕೆ ಹುಡುಗಿಗಿಂತ ಮೊದಲು ಅಂಗಡಿಯನ್ನೇ ನೋಡಿದರು. ಮಡಕೆ ಮುಟ್ಟಿ, ಬಿದಿರು ಮುಟ್ಟಿ, "ಇದು ಏತಕ್ಕೆ, ಅದು ಏತಕ್ಕೆ" ಎಂದು ವಿಚಾರಿಸಿದರು. ಮಗಳು ಹಾಡಿದಳು. ಅಜ್ಜಿ ಹೊರಡಲು ಎದ್ದರು.

ನಾನು ಹೊಸ್ತಿಲಿನಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತೆ. ಎಲ್ಲರೂ ನನ್ನ ಮುಖ ನೋಡಿದರು. ತಲೆ ಆಡಿಸಿದೆ.

"ಏನಮ್ಮಣಿ," ಎಂದರು ಅಜ್ಜಿ. "ಹೋಗಿ ಬನ್ನಿ ಅಂತ ಒಂದು ಮಾತು ಇಲ್ಲವಾ? ನಮ್ಮ ಸಂಬಂಧ ಬೇಡವಾ?"

ಮಗಳು ಒಳಗೆ ಅಳತೊಡಗಿದ್ದಳು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ: ಆ ಮುದುಕರ ಮಾತು, ಅತ್ತೆಯವರ ಕಟ್ಟಪ್ಪಣೆ, ಕಿತ್ತಳೆ ಹಣ್ಣು, ಎಲ್ಲವನ್ನೂ. ಅಜ್ಜಿ ಬಾಯಲ್ಲಿದ್ದ ಎಲೆ ಅಡಿಕೆ ಚೆಲ್ಲುವಂತೆ ನಕ್ಕು, ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು.

"ಹುಡುಗಿ ನಮಗೆ ಒಪ್ಪಿಗೆ," ಎಂದರು ಕಣ್ಣು ಒರೆಸಿಕೊಂಡು. "ನೀನು ಹೇಳದಿದ್ದರೂ ನಾನು ಹೋಗಿ ಬರ್ತೀನಿ, ಎಷ್ಟು ಸಲ ಬೇಕಾದರೂ. ನಿನ್ನ ಗಂಡ ಮಾತ್ರ, ನಾನೇ ಬಾಯಿ ತೆರೆದು ಕರೆಯೋ ತನಕ ನಮ್ಮ ಮನೆ ಕಡೆ ಬರೋದು ಬೇಡ."

ಮದುವೆ ನಮ್ಮೂರಿನಲ್ಲಿಯೇ ನಡೆಯಿತು. ಈಗ ಮೊಮ್ಮಗನಿಗೆ ಎರಡು ವರ್ಷ. ಅಜ್ಜಿ ಗಟ್ಟಿಯಾಗಿದ್ದಾರೆ, ತಿಂಗಳಿಗೊಮ್ಮೆ ರೈಲು ಹತ್ತಿ ಬಂದು ಹೋಗುತ್ತಾರೆ. ನಮ್ಮ ಯಜಮಾನರು ಇಂದಿನವರೆಗೂ ಬೀಗರ ಮನೆ ನೋಡಿಲ್ಲ.

ಬರೆದುದರಲ್ಲಿ ತಪ್ಪುಗಳಿದ್ದರೆ ದಯವಿಟ್ಟು ಕ್ಷಮಿಸಿ.