ಸೀರೆ ಉಟ್ಟ ನಮ್ಮ ಸರ್

ನನಗೆ ಪಾಠ ಹೇಳಿದ ಸರ್‌ಗಳು ಒಟ್ಟು ಎಷ್ಟು ಮಂದಿ ಎಂದು ಕೇಳಿದರೆ ನನಗೆ ಸರಿಯಾಗಿ ಹೇಳಲಿಕ್ಕೆ ಬರುವುದಿಲ್ಲ. ಆದರೆ ಅವರಲ್ಲಿ ಸೀರೆ ಉಡುತ್ತಿದ್ದವರು ಒಬ್ಬರೇ!

ನಗಬೇಡಿ. ಕುಂದಾಪುರಕ್ಕೂ ಬ್ರಹ್ಮಾವರಕ್ಕೂ ನಡುವೆ, ಹೆದ್ದಾರಿಯಿಂದ ತುಸು ಒಳಗಿದ್ದ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದಲ್ಲಿ ಆಗ ಪಾಠ ಮಾಡುತ್ತಿದ್ದವರೆಲ್ಲ ಗಂಡಸರು, ಈ ಹೆಮ್ಮಾಡಿಯ ಮೇಡಂ ಒಬ್ಬರನ್ನು ಬಿಟ್ಟು. ಅವರು ಸೇರಿದ ಮೊದಲ ದಿನ ಹುಡುಗರು ಎದ್ದು ನಿಂತು, ಬಾಯಿಗೆ ಅಭ್ಯಾಸವಾದಂತೆ, "ಗುಡ್ ಮಾರ್ನಿಂಗ್ ಸರ್" ಎಂದು ರಾಗ ಎಳೆದರಂತೆ. ಮೇಡಂ ತಮ್ಮ ಹಿಂದೆ ಯಾರಾದರೂ ಬಂದರೋ ಎಂದು ತಿರುಗಿ ನೋಡಿದರಂತೆ. ಯಾರೂ ಇರಲಿಲ್ಲ.

"ಸರ್ ಅಂದದ್ದ್ ನಂಗಾ? ಅಡ್ಡಿಲ್ಲೆ, ಕೂಕಣಿ. ಎಂತ ಕರ್ದ್ರೂ ಪಾಠ ಅದೇ," ಎಂದು ಎಲ್ಲರನ್ನೂ ಕೂರಿಸಿದರಂತೆ.

ಮುಗಿಯಿತು! ಬಿರುದು ಅಲ್ಲಿಗೆ ಅಂಟಿತು. ತೊಂಬತ್ತೇಳರಲ್ಲಿ ಬಿಜೂರಿನಿಂದ ನಾನು ಬಂದು ಸೇರುವ ಹೊತ್ತಿಗೆ ಕ್ಯಾಂಟೀನಿನವರೂ ಅವರನ್ನು ಸರ್ ಎಂದೇ ಕರೆಯುತ್ತಿದ್ದರು. ಅರವತ್ತು ಮಂದಿಯ ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಐವತ್ತೊಂಬತ್ತು ಹುಡುಗರು, ಒಬ್ಬಳು ನಾನು, ಸೀರೆ ಉಟ್ಟ ಸರ್ ಒಬ್ಬರು. ಎಂತಹ ಲಿಂಗಾತೀತ ಸಂಸಾರ ನೋಡಿ!

ಹೆಂಗಸರ ವ್ಯಾನಿಟಿ ಬ್ಯಾಗಿನಲ್ಲಿ ಏನಿರುತ್ತದೆ? ಬಾಚಣಿಗೆ, ಕನ್ನಡಿ, ಕರ್ಚೀಫು. ಇವರ ಬ್ಯಾಗಿನಲ್ಲಿ ವರ್ನಿಯರ್ ಇರುತ್ತಿತ್ತು. ಕೂದಲೆಳೆಯಷ್ಟು ದಪ್ಪವನ್ನೂ ಅಳೆಯುವ ಉಕ್ಕಿನ ಇಕ್ಕಳದಂಥ ಸಾಧನ ಅದು. ಕಣ್ಣಿಗೆ ಬಿದ್ದದ್ದನ್ನೆಲ್ಲ ಅಳೆಯುವುದು ಅವರ ಚಟ. ಉಪ್ಪುಂದದ ಮೀನು ಮಾರುಕಟ್ಟೆಯಲ್ಲಿ ಬಂಗುಡೆ ಅಳೆದು ಬೈಸಿಕೊಂಡದ್ದುಂಟು. ಕ್ಯಾಂಟೀನಿನಲ್ಲಿ ಒಂದು ದಿನ ಉದ್ದಿನ ವಡೆಯ ಸುತ್ತಳತೆ ಅಳೆದು, ನಡುವಿನ ತೂತನ್ನೂ ಅಳೆದು, ಕ್ಯಾಂಟೀನಿನ ಭಟ್ಟರನ್ನು ಕರೆದರು.

"ಹ್ವಾಯ್ ಭಟ್ರೆ, ಮೊನ್ನೆಗಿಂತ ಇವತ್ ತೂತ್ ನಾಲ್ಕ್ ಮಿಲಿಮೀಟರ್ ದೊಡ್ಡದಾಯ್ತಲ್ಲೆ?"

ಭಟ್ಟರು ಕೈ ಮುಗಿದರು. "ಸರ್, ಅದ್ ತಿಂಬುಕೆ ಮಾಡದ್, ಗಾಡಿಗ್ ಹಾಕುಕಲ್ಲ!"

ಇಷ್ಟಕ್ಕೆ ಅವರನ್ನು ಬರೀ ತಮಾಷೆಯ ಹೆಂಗಸು ಎಂದುಕೊಂಡೀರಿ! ನಮ್ಮ ಮೆಕ್ಯಾನಿಕಲ್ ಕಟ್ಟಡದಲ್ಲಿ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ. ಗಂಡಸರಿಗೆ ಎರಡಿದ್ದವು. ನಾವಿಬ್ಬರು ಗ್ರಂಥಾಲಯದ ಕಟ್ಟಡದವರೆಗೆ ಬಿಸಿಲಿನಲ್ಲಿ ನಡೆಯಬೇಕಿತ್ತು. ಹೋಗಿ ಬರಲು ಹನ್ನೊಂದು ನಿಮಿಷ, ದಿನಕ್ಕೆ ಎರಡು ಸಲ, ವಾರಕ್ಕೆ ನೂರ ಮೂವತ್ತೆರಡು ನಿಮಿಷ. ಲೆಕ್ಕ ನನ್ನದಲ್ಲ, ಅವರದ್ದೇ! ಅದನ್ನು ಬರೆದು ಪ್ರತಿ ಸೋಮವಾರ ಪ್ರಿನ್ಸಿಪಾಲರಿಗೆ ಕೊಡುತ್ತಿದ್ದರು. ನಾನು ಸೇರುವಾಗಲೇ ಆ ಪತ್ರಗಳಿಂದ ಒಂದು ಫೈಲು ತುಂಬಿತ್ತು.

ಪ್ರಿನ್ಸಿಪಾಲರು ಒಳ್ಳೆಯವರೇ. "ಕಟ್ಟಡ ಕಟ್ಟುವಾಗ ಮೆಕ್ಯಾನಿಕಲ್‌ಗೆ ಹೆಂಗಸರು ಬರುತ್ತಾರೆ ಎಂದು ಯಾರಿಗೆ ಗೊತ್ತಿತ್ತು ಮೇಡಂ?" ಎನ್ನುತ್ತಿದ್ದರು.

"ಈಗ ಬಂದಾಯ್ತಲ್ಲ ಸರ್. ವಾಪಸ್ ಹೋಪುಕಾತಿಲ್ಲೆ."

ಕೊನೆಗೆ ಒಂದು ಶನಿವಾರ, ಎಲ್ಲರೂ ಮನೆಗೆ ಹೋದ ಮೇಲೆ, ವರ್ಕ್‌ಶಾಪಿನಲ್ಲಿ ತಾವೇ ಒಂದು ಚಿಲಕ ಮಾಡಿ, ಎರಡರಲ್ಲಿ ಒಂದು ಶೌಚಾಲಯದ ಬಾಗಿಲಿಗೆ ಜಡಿದು, ಬೀಗ ಹಾಕಿ, 'ಮಹಿಳೆಯರು' ಎಂದು ಬಣ್ಣದಲ್ಲಿ ಬರೆದುಬಿಟ್ಟರು. ಬೀಗದ ಕೀ ಎರಡು: ಒಂದು ಅವರಿಗೆ, ಒಂದು ನನಗೆ. ಸೋಮವಾರ ಬೆಳಿಗ್ಗೆ ವಿಭಾಗದ ಮುಖ್ಯಸ್ಥರು ವಾಡಿಕೆಯಂತೆ ಹೋದವರು ಬಾಗಿಲ ಮುಂದೆ ಕನ್ನಡಕ ಸರಿಮಾಡಿಕೊಳ್ಳುತ್ತ ನಿಂತರು.

"ಇದು ಯಾವಾಗ ಆಯ್ತು?"

"ಶನಿವಾರ ಸರ್."

"ಯಾರು ಹೇಳಿದ್ದು ಮಾಡಲಿಕ್ಕೆ?"

"ಅವಸರ ಹೇಳಿದ್ದ್ ಸರ್, ಅವಸರ!"

ಆ ಬರಹವನ್ನು ಮತ್ತೆ ಯಾರೂ ಅಳಿಸಲಿಲ್ಲ. ಅವಸರಕ್ಕೆ ಎದುರು ವಾದ ಉಂಟೇ?

ಮೊದಲ ವರ್ಷ ಮುಗಿದು ರಜೆಯಲ್ಲಿ ಬಿಜೂರಿಗೆ ಹೋದಾಗ ಅಪ್ಪಯ್ಯ ನನ್ನ ಓದಿಗೇ ಚಿಲಕ ಹಾಕಿದರು. ಅಷ್ಟು ಗಂಡುಮಕ್ಕಳ ನಡುವೆ ಒಂಟಿ ಹೆಣ್ಣು ಕಬ್ಬಿಣ ಬಡಿಯುವುದೆಂದರೇನು, ಬಿ.ಕಾಂ. ಓದಿಸು ಎಂದು ನೆಂಟರೊಬ್ಬರು ಅವರ ಕಿವಿ ಊದಿದ್ದರು. ಕಾಲೇಜು ಶುರುವಾಗಿ ಒಂದು ವಾರವಾದರೂ ನಾನು ಮನೆಯಲ್ಲೇ ಅಳುತ್ತ ಕೂತಿದ್ದೆ. ಎಂಟನೇ ದಿನ ಗದ್ದೆಯ ಬದಿಯ ದಾರಿಯಲ್ಲಿ ಲೂನಾದ ಸದ್ದು! ಸೀರೆಯ ಅಂಚಿಗೆಲ್ಲ ಕೆಂಪು ಕೆಸರು ಹಚ್ಚಿಕೊಂಡು ನಮ್ಮ ಸರ್ ಬಂದಿಳಿದರು.

ಅಪ್ಪಯ್ಯ ಆಗ ಬಾವಿಕಟ್ಟೆಯ ಬಳಿ ನೀರೆತ್ತದ ಪಂಪಿನೊಂದಿಗೆ ಜಗಳವಾಡುತ್ತಿದ್ದರು. ಸರ್ ನಮಸ್ಕಾರ ಹೇಳಿ, ಕೇಳದೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಅಡಿಯ ವಾಲ್ವಿನಲ್ಲಿ ಎಂತದೋ ಸಿಕ್ಕಿ ಹಾಕಂಡಿತ್ತ್. ಪೈಪ್ ಮೇಲೆ ಎಳೀನಿ ಕಾಂಬ."

"ನೀವ್ ಕೈ ಹಾಕ್ಬೇಡಿ ಅಮ್ಮ, ಮಣ್ಣಾತ್ತ್," ಎಂದರು ಅಪ್ಪಯ್ಯ.

"ಮಣ್ಣ್ ತೊಳೂಕೆ ನೀರ್ ಬರ್ಕ್. ನೀರ್ ಬರ್ಕಂದ್ರೆ ಕೈ ಹಾಕ್ಕ್. ಎಳೀನಿ!"

ಪೈಪು ಎಳೆದು ವಾಲ್ವು ಬಿಚ್ಚಿದರೆ ಒಳಗೆ ಒಂದು ಏಡಿ, ರಾಜನ ಹಾಗೆ ಕಾಲು ಚಾಚಿ ಕೂತಿತ್ತು. ಅದನ್ನು ಓಡಿಸಿದ್ದೇ ತಡ, ನೀರು ಬುಸ್ಸೆಂದು ತೋಟಕ್ಕೆ ಹಾರಿತು. ಅಮ್ಮನೂ ನಾನೂ ಚಾ ಮಾಡಲು, ಹಪ್ಪಳ ಕರಿಯಲು ಒಳಗೆ ಹೋದೆವು. ತಟ್ಟೆ ಹಿಡಿದು ಹೊರಗೆ ಬರುವಷ್ಟರಲ್ಲಿ ಜಗಲಿಯಲ್ಲಿ ಅವರಿಬ್ಬರ ಮಾತು ಮುಗಿದಿತ್ತು. ಅಪ್ಪಯ್ಯ ನನ್ನ ಮುಖ ನೋಡದೆ ಹೇಳಿದರು: "ನಾಳೆಯಿಂದ ಕಾಲೇಜಿಗ್ ಹೋಗ್."

ನನ್ನನ್ನು ಇಂಜಿನಿಯರ್ ಮಾಡಿದ್ದು ಒಂದು ಏಡಿ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ!

ಬಿ.ಇ. ಮುಗಿಸಿ, ಬೇರೆ ಊರಿನಲ್ಲಿ ಎಂ.ಟೆಕ್. ಮಾಡಿ, ಎರಡು ಸಾವಿರದ ಮೂರರಲ್ಲಿ ನಾನು ಅದೇ ಕಾಲೇಜಿಗೆ ಉಪನ್ಯಾಸಕಿಯಾಗಿ ಬಂದೆ. ಮರುವರ್ಷ ತಪಾಸಣಾ ಸಮಿತಿಯೂ ಬಂತು. ತಪಾಸಣೆಯೆಂದರೆ ಗೊತ್ತಲ್ಲ? ಗೋಡೆಗೆ ಸುಣ್ಣ, ಹೂಕುಂಡ, ಪ್ರಿನ್ಸಿಪಾಲರಿಗೆ ಹೊಸ ಟೈ. ಜೊತೆಗೆ ಅಧ್ಯಾಪಕರ ದೊಡ್ಡ ಪಟ್ಟಿ: ಹೆಸರು, ಲಿಂಗ, ವಿದ್ಯಾರ್ಹತೆ, ಅನುಭವ. ಪಟ್ಟಿ ಟೈಪ್ ಮಾಡಿದ ಗುಮಾಸ್ತ, ಮೆಕ್ಯಾನಿಕಲ್ ಅಂದಮೇಲೆ ಎಲ್ಲರೂ ಗಂಡಸರೇ ತಾನೆ ಎಂದು ಹದಿನಾಲ್ಕು ಮಂದಿಯ ಮುಂದೆಯೂ 'ಪುರುಷ' ಎಂದು ಒತ್ತಿಬಿಟ್ಟಿದ್ದ. ಮದುವೆ ನಿಶ್ಚಯವಾಗಿದ್ದ ನಾನೂ ಪುರುಷ!

ಸಮಿತಿಯ ಹಿರಿಯರು ಪಟ್ಟಿ ನೋಡಿದರು, ನಮ್ಮ ಸರ್ ಅವರನ್ನು ನೋಡಿದರು, ಮತ್ತೆ ಪಟ್ಟಿ ನೋಡಿದರು. "ಇಲ್ಲಿ ಪುರುಷ ಎಂದಿದೆಯಲ್ಲ?"

"ಪಟ್ಟಿ ತಪ್ಪ್ ಸರ್. ನಾನ್ ಸರಿ ಇದ್ದೆ."

ಎಲ್ಲರೂ ನಕ್ಕರು. ಅಲ್ಲಿಗೆ ಬಿಟ್ಟಿದ್ದರೆ ಒಳ್ಳೆಯದಿತ್ತು. ಬಿಡುವ ಪೈಕಿಯೇ ಅವರು? ಪೆನ್ನು ತೆಗೆದು ಪಕ್ಕದ ಅಂಕಣಕ್ಕೂ ಗೀಟು ಎಳೆದರು. "ಇದೂ ತಪ್ಪ್. ಎಂ.ಟೆಕ್. ಅಂದೇಳಿ ಬರ್ದಿರ್. ನಂದ್ ಬರೀ ಬಿ.ಇ."

ಅದು ಗುಮಾಸ್ತನ ಕೈತಪ್ಪೋ, ಮೇಲಿನವರ ಕಣ್ಸನ್ನೆಯೋ, ನನಗೆ ಇಂದಿಗೂ ತಿಳಿಯದು. ಪ್ರಿನ್ಸಿಪಾಲರ ಮುಖ ಮಾತ್ರ ಟೈಗಿಂತ ಬಿಗಿಯಾಯಿತು. ಹೊಸ ನಿಯಮದಂತೆ ಪದವಿ ಕಾಲೇಜಿನಲ್ಲಿ ಪಾಠ ಮಾಡಲು ಸ್ನಾತಕೋತ್ತರ ಪದವಿ ಬೇಕಿತ್ತು. ತಪಾಸಣೆ ಮುಗಿದ ವಾರ ನಮ್ಮ ಸರ್ ಕೈಗೆ ಪತ್ರ ಬಂತು: ಮೂರೂವರೆ ವರ್ಷದೊಳಗೆ ಎಂ.ಟೆಕ್. ಆಗದಿದ್ದರೆ ತರಗತಿ ಬಿಟ್ಟು ಪ್ರಯೋಗಾಲಯದ ಸಹಾಯಕ ಹುದ್ದೆಗೆ ಇಳಿಯಬೇಕು. ಕಾಗದದ ಮೇಲೆ ನಾನು ಅರ್ಹಳು, ನನಗೆ ಅಆಇಈ ಕಲಿಸಿದವರು ಅನರ್ಹರು. ನನಗೆ ಎರಡು ದಿನ ಅನ್ನ ಇಳಿಯಲಿಲ್ಲ. ಅವರು ಮಾತ್ರ ಕ್ಯಾಂಟೀನಿನಲ್ಲಿ ಎರಡು ವಡೆ ತಿಂದು, ನಮ್ಮ ಕಾಲೇಜಿನಲ್ಲೇ ಆಗಷ್ಟೇ ಶುರುವಾಗಿದ್ದ ಅರೆಕಾಲಿಕ ಎಂ.ಟೆಕ್‌ಗೆ ಅರ್ಜಿ ಹಾಕಿ ಬಂದರು. ನಲವತ್ತರ ಅಂಚಿನಲ್ಲಿ!

ಆ ಎಂ.ಟೆಕ್‌ಗೆ ಒಂದು ವಿಷಯ ಪಾಠ ಮಾಡಬೇಕಾದವರು ಯಾರು? ಊಹಿಸಿದಿರಲ್ಲ. ನಾನೇ!

ಮೊದಲ ಶನಿವಾರ ಹಾಜರಿ ಕರೆದಾಗ ಮುಂದಿನ ಬೆಂಚಿನಿಂದ "ಪ್ರೆಸೆಂಟ್ ಮೇಡಂ" ಎಂಬ ದನಿ ಬಂತು. ನನ್ನ ಕೈಯ ಚಾಕ್‌ಪೀಸು ಬಿದ್ದು ಮೂರು ತುಂಡಾಯಿತು. ತರಗತಿಯ ಹೊಸ್ತಿಲೊಳಗೆ ನಾನು 'ಮೇಡಂ', ಹೊಸ್ತಿಲು ದಾಟಿದ ಕೂಡಲೇ 'ಹೆಣೆ', ಎಂದರೆ ನಮ್ಮ ಕಡೆಯ 'ಏ ಹುಡುಗಿ'. ಒಳಗೆ ವಿನಯದಿಂದ ಕೈ ಎತ್ತಿ, "ಮೇಡಂ, ಅರ್ಥ ಆಯ್ಲಿಲ್ಲೆ" ಎನ್ನುವರು. ಹೊರಗೆ ಬಂದೊಡನೆ, "ಹೆಣೆ, ಬೋರ್ಡಿಗ್ ಪಾಠ ಮಾಡ್ತ್ಯಲೆ ನೀನ್! ಬೋರ್ಡ್ ಪರೀಕ್ಷೆ ಬರೀತಿಲ್ಲೆ. ಮಕ್ಕಳ್ ಮುಖ ಕಂಡ್ಕಂಡ್ ಮಾಡ್" ಎಂದು ಬೈಯುವರು. ಅವರ ಗುರುವೂ ನಾನೇ, ಶಿಷ್ಯೆಯೂ ನಾನೇ. ನಡುವೆ ಒಂದು ಹೊಸ್ತಿಲು!

ಮೊದಲ ಟೆಸ್ಟಿನಲ್ಲಿ ಅವರಿಗೆ ಬಂದದ್ದು ಇಪ್ಪತ್ತೈದಕ್ಕೆ ಹನ್ನೊಂದು. ಉತ್ತರಪತ್ರಿಕೆಯನ್ನು ಅಂಕ ಕಾಣದಂತೆ ಮಡಚಿ ಅವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಪುಟ ಪುಟ ನೋಡಿ, ಸ್ಟಾಫ್ ರೂಮಿಗೆ ಬಂದರು. ಜಗಳಕ್ಕೇ ಬಂದರು ಎಂದು ನಾನು ಎದ್ದು ನಿಂತೆ.

"ಮೂರ್ನೇ ಲೆಕ್ಕಕ್ಕೆ ನೀನ್ ಒಂದ್ ಅಂಕ ಹೆಚ್ ಕೊಟ್ಟಿದ್ದೆ. ತೆಗಿ ಅದನ್ನ."

"ಇರಲಿ ಸರ್..."

"ಇಪ್ಪುಕಾಗ. ತಪ್ಪ್ ತಪ್ಪೇ."

ಅಂಕ ಹತ್ತಾಯಿತು. ಅಂಕ ಕಡಿಮೆ ಮಾಡಿ ಎಂದು ದೂರು ತಂದ ವಿದ್ಯಾರ್ಥಿನಿಯನ್ನು ನಾನು ಆಮೇಲೆ ಈ ಭೂಮಿಯ ಮೇಲೆ ಕಂಡಿಲ್ಲ.

ಆ ಭಾನುವಾರ ಬಿಜೂರಿಗೆ ಹೋದವಳು ಈ ಕತೆಯನ್ನು ಅಭಿನಯಿಸಿ ತೋರಿಸಿದೆ. ಅಮ್ಮ ಹೊಟ್ಟೆ ಹಿಡಿದು ನಕ್ಕರು. "ಪ್ರಾಯದಲ್ಲೇ ಓದಿ ಮುಗ್ಸಿದ್ರೆ ಈ ಗಡಿಬಿಡಿ ಇತ್ತಾ?" ಎಂದೆ ನಾನು. ತೆಂಗಿನಕಾಯಿ ಸುಲಿಯುತ್ತಿದ್ದ ಅಪ್ಪಯ್ಯ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು.

"ಅವ್ರಿಗೆ ಆಗ್ಲೇ ಸೀಟ್ ಸಿಕ್ಕಿತ್ತ್, ಹೆಣೆ."

"ಯಾವಾಗ?"

"ಪಂಪಿನ್ ದಿನ. ನಾನ್ ಕೇಂಡೆ, ಹೆಣ್ಣ್ ಮೇಷ್ಟ್ರ್ ಒಬ್ರ್ ಇದ್ರೆ ಮಾತ್ರ ಕಳ್ಸ್ತೆ, ಇವ್ಳ್ ಓದ್ ಮುಗುವರೆಗೆ ನೀವ್ ಅಲ್ಲೇ ಇರ್ತ್ರಿಯಾ ಅಂದೇಳಿ. ಅವ್ರ್ ಇರ್ತೆ ಅಂದ್ರ್. ಕರ್ಚೀಫ್ ತೆಗೂಕೆ ಬ್ಯಾಗ್ ಬಿಚ್ಚದಾಗ ಒಂದ್ ಕಾಗ್ದ ಕೆಳಗ್ ಬಿತ್ತ್. ಎಂತದ್ ಅಂದೆ. ದೊಡ್ಡ ಓದಿಗೆ ಸೀಟ್ ಸಿಕ್ಕಿತ್ತ್, ಬಪ್ಪ ವಾರ ಹೋಪುದಿತ್ತ್, ಇನ್ ಹೋತಿಲ್ಲೆ ಅಂದ್ರ್. ನಿಂಗೆ ಹೇಳುಕಾಗ ಅಂತ ಮಾತ್ ತಕಂಡ್ರ್."

ಹಪ್ಪಳ ಕರಿಯುತ್ತಿದ್ದೆನಲ್ಲ ನಾನು ಆಗ, ಒಳಗೆ!

ಮರುದಿನ ಕಾಲೇಜಿಗೆ ಹೋದವಳೇ ನೇರ ಪ್ರಯೋಗಾಲಯಕ್ಕೆ ನಡೆದೆ. ಅವರು ಒಂದು ಯಂತ್ರದ ಹೊಟ್ಟೆಯೊಳಗೆ ಕೈ ಹಾಕಿ ಗ್ರೀಸು ಹಚ್ಚುತ್ತಿದ್ದರು. "ಅಪ್ಪಯ್ಯ ಹೇಳಿದ್ರು" ಎಂದೆ.

ಅವರು ತಲೆ ಎತ್ತಲಿಲ್ಲ. "ಬಾಯಿ ಗಟ್ಟಿ ಇಲ್ಲೆ ನಿನ್ನಪ್ಪಯ್ಯನಿಗೆ."

"ನನಗೆ ಯಾಕೆ ಹೇಳಲಿಲ್ಲ ಸರ್?"

"ಹೇಳಿದ್ರೆ ನೀನ್ ಹೆದ್ರ್ಕಂಡ್ ಓದ್ತಿದ್ದೆ. ಹೆದ್ರ್ಕಂಡ್ ಓದದ್ ತಲೆಗ್ ಹೋತಿಲ್ಲೆ."

"ನಾನು ಮುಗಿಸಿದ ಮೇಲಾದರೂ ಹೋಗಬಹುದಿತ್ತಲ್ಲ?"

"ಅಷ್ಟೊತ್ತಿಗೆ ನಮ್ಮಮ್ಮ ಹಾಸಿಗೆ ಹಿಡ್ದಿದ್ರ್. ಬಿಡ್, ಆದ್ ಆಯ್ತ್. ಆ ಸ್ಪ್ಯಾನರ್ ಕೊಡ್ ಕಾಂಬ."

ಕೊಟ್ಟೆ. ಮತ್ತೆ ಆ ಮಾತು ಎತ್ತಲು ಅವರು ಬಿಡಲಿಲ್ಲ. ನಾನು ಮಾಡಿದ್ದು ಇಷ್ಟೇ: ಆ ವಿಷಯ ಮುಗಿಯುವವರೆಗೂ, ಬೇರೆ ಯಾವ ತರಗತಿಗೂ ಮಾಡದಷ್ಟು ತಯಾರಿ ಮಾಡಿಕೊಂಡು ಶನಿವಾರದ ತರಗತಿಗೆ ಹೋದೆ. ಬೋರ್ಡಿಗೆ ಬೆನ್ನು ಹಾಕಿ, ಮುಂದಿನ ಬೆಂಚಿನ ಮುಖ ನೋಡಿಕೊಂಡೇ ಪಾಠ ಮಾಡಿದೆ. ನಾನು ಒಳ್ಳೆಯ ಅಧ್ಯಾಪಕಿ ಎಂದು ಈಗ ಯಾರಾದರೂ ಹೇಳಿದರೆ, ಅದನ್ನು ಕಲಿತದ್ದು ಆ ಶನಿವಾರಗಳಲ್ಲಿ.

ಎರಡು ಸಾವಿರದ ಎಂಟರಲ್ಲಿ ಅವರು ಪಾಸಾದರು. ಪ್ರಥಮ ದರ್ಜೆ! ಘಟಿಕೋತ್ಸವಕ್ಕೆ ಹೋಗಲಿಲ್ಲ, ಆ ದಿನ ಮಕ್ಕಳಿಗೆ ಲ್ಯಾಬ್ ಪರೀಕ್ಷೆ ಇತ್ತು. ಪದವಿ ಪತ್ರ ಅಂಚೆಯಲ್ಲಿ ಬಂತು. ಪೋಸ್ಟ್‌ಮ್ಯಾನ್ ತಂದ ಲಕೋಟೆಯನ್ನು ನಾನೇ ಹಿಡಿದುಕೊಂಡು ಪ್ರಯೋಗಾಲಯಕ್ಕೆ ಓಡಿದೆ. ಅಲ್ಲಿ ಆಗ ಹುಡುಗರ ನಡುವೆ ಏಳು ಹುಡುಗಿಯರು ಲೇತಿನ ಮುಂದೆ ನಿಂತಿದ್ದರು.

"ನನ್ ಕೈಯೆಲ್ಲ ಎಣ್ಣೆ. ನೀನೇ ಬಿಚ್ಚಿ ಓದ್."

ಬಿಚ್ಚಿದೆ. ಓದಲು ಹೋದರೆ ಅಕ್ಷರಗಳೆಲ್ಲ ಕಲಸಿಕೊಂಡವು. ಏಳು ಹುಡುಗಿಯರಲ್ಲಿ ಒಬ್ಬಳು ಬಂದು ನನ್ನ ಹೆಗಲ ಮೇಲಿಂದ ಇಣುಕಿ, ನನ್ನ ಪರವಾಗಿ ಗಟ್ಟಿಯಾಗಿ ಓದಿದಳು.

ಅವರು ನಲ್ಲಿಯ ಬಳಿ ಹೋದರು. ಸಾಬೂನು ಹಾಕಿ ಎರಡು ಸಲ ಕೈ ತೊಳೆದರು. ಸೆರಗಿಗೆ ಒರೆಸಿಕೊಂಡು ಬಂದು, ಎರಡೂ ಕೈ ಮುಂದೆ ಚಾಚಿದರು. ಎಂದೋ ಅವರದ್ದಾಗಬೇಕಿದ್ದ ಆ ಹಾಳೆಯನ್ನು, ಎಂಟು ವರ್ಷ ತಡವಾಗಿ, ನಾನು ಅವರ ಕೈಯಲ್ಲಿ ಇಟ್ಟೆ.