ಮಾಮಾನ ಹೆಡ್‌ಫೋನ್ ಪರೀಕ್ಷೆ

ನನ್ನ ಸೋದರಮಾವ ಹೆಂಡತಿಯನ್ನು ಆರಿಸಿಕೊಂಡದ್ದು ಒಂದು ಕಪ್ ಚಹಾ ಆರುವಷ್ಟು ಹೊತ್ತಿನಲ್ಲಿ. ಹೆಡ್‌ಫೋನ್ ಆರಿಸಲು ಮಾತ್ರ ಒಂದು ಇಡೀ ಮಳೆಗಾಲ ಹೋಯಿತು, ಗಣಪತಿ ಬಂದು ಹೋದ, ದೀಪಾವಳಿಯ ಪಟಾಕಿಯೂ ಮುಗಿಯಿತು, ಆದರೂ ಮನಸ್ಸು ನಿಲ್ಲಲಿಲ್ಲ! ಹೆಂಡತಿಯ ವಿಷಯ ದೇವರಿಗೆ ಬಿಡಬಹುದು, ಹೆಡ್‌ಫೋನಿನ ಬಗ್ಗೆ ದೇವರಿಗೇನು ಗೊತ್ತು?

ಧಾರವಾಡದ ಕಡೆಯಿಂದ ಬಂದು ಪುಣೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಮಾಮಾ, ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಜೇಬಿಗಿಂತ ಸ್ವಲ್ಪ ದೊಡ್ಡದಾದ ಸಿ.ಡಿ. ಪ್ಲೇಯರ್ ಕೊಂಡಿದ್ದರು. ಅದರ ಜೊತೆ ಬಂದ ಇಯರ್‌ಫೋನು ಅವರ ಕಿವಿಗೆ ಅವಮಾನ. ಆಗರ್ಭ ಶ್ರೀಮಂತರು ಕೊಳ್ಳುವಂಥದ್ದು ಕೈಗೆಟುಕದು. ಹಾಗಾಗಿ ನಡುವಿನ ಬೆಲೆಯದನ್ನು ಹುಡುಕಲು ಹೊರಟರು, ಸಾಕ್ಷಿಗೆ ನನ್ನನ್ನು ಎಳೆದುಕೊಂಡು.

ಲಕ್ಷ್ಮೀ ರಸ್ತೆಯ ಅಂಗಡಿಯಲ್ಲಿ ಮೊದಲ ಪರೀಕ್ಷೆ ನಡೆಯಿತು. ಹೆಡ್‌ಫೋನ್ ಹಾಕಿಕೊಂಡ ಮಾಮಾ ಹಾಡು ಕೇಳಿದರೆಂದುಕೊಂಡಿರಾ? ಇಲ್ಲ! ಬಗ್ಗಿ ಬೂಟಿನ ಲೇಸು ಕಟ್ಟಿದರು. ಮೈಮೇಲೆ ದೇವರು ಬಂದವರಂತೆ ತಲೆ ಕೊಡವಿದರು. ಚಷ್ಮಾ ತೆಗೆದು ಹಾಕಿ, ಹಾಕಿ ತೆಗೆದು ನೋಡಿದರು. ಆಮೇಲೆ ಜೇಬಿನಿಂದ ಚಕ್ಕುಲಿ ತೆಗೆದು ಕಟುಂ ಕಟುಂ ಎಂದು ತಿನ್ನತೊಡಗಿದರು.

ನನಗೆ ನಾಚಿಕೆ. "ಮಾಮಾ, ಇದೇನ್ರಿ?"

"ಹಾಡು ಕೇಳೋ ಮನಷ್ಯಾನ ಬಾಯಿ ಸುಮ್ಮ ಇರತದೇನು? ತಿನ್ನೋವಾಗ ದವಡಿಗೆ ಒತ್ತಿದರ ಅದು ಹೆಡ್‌ಫೋನ್ ಅಲ್ಲೋ, ಇಕ್ಕಳ!"

ಎರಡನೆಯದು ಕಟ್ಟುಮಸ್ತಿನ ಪರೀಕ್ಷೆ. ಪಟ್ಟಿಯನ್ನು ಅಗಲಿಸಿ, ಮಡಚಿ, ಕೀಲಿನ ಹತ್ತಿರ ಕಿವಿಯಿಟ್ಟು ಕೇಳುತ್ತಿದ್ದರು, ಡಾಕ್ಟರು ಎದೆಬಡಿತ ಕೇಳಿದ ಹಾಗೆ. "ಹೊಸಾದಿದ್ದಾಗನ ಕಿರ್ ಅಂತದ, ಹಳೇದಾದಮ್ಯಾಲೆ ಅಳತದ!" ಎಂದು ಒಂದನ್ನು ಕೆಳಗಿಟ್ಟರು. ಇನ್ನೊಂದರ ರೆಗ್ಜಿನ್ ಮೆತ್ತೆಯನ್ನು ಮೂಸಿ, "ಬ್ಯಾಸಗ್ಯಾಗ ಇದರೊಳಗ ಕಿವಿ ಸುಟ್ಟ ಬದನಿಕಾಯಿ ಆಗತಾವ" ಎಂದರು.

ಇನ್ನು ಧ್ವನಿ. ಅದನ್ನು ವರ್ಣಿಸಲು ಅವರಿಗೆ ಊಟದ ಭಾಷೆಯೇ ಬೇಕು. ಒಂದರಲ್ಲಿ ತಬಲಾದ ಡಗ್ಗಾ ಅತಿಯಾಗಿ ಉಬ್ಬಿತ್ತಂತೆ: "ವಡಾ ಇಲ್ಲದ ಬರೇ ಪಾವ್ ತಿಂದಂಗ." ಮತ್ತೊಂದರಲ್ಲಿ ತಂಬೂರಿ ತಗಡಿನಂತೆ ಕೇಳಿತು: "ಒಗ್ಗರಣಿ ಹೊತ್ತೇದ." ಮೂರನೆಯದರಲ್ಲಿ ಗವಾಯಿ ಪಕ್ಕದ ಮನೆಯಲ್ಲಿ ಕೂತು ಹಾಡಿದ ಹಾಗಿತ್ತು. "ಅದಕ್ಕ ರೊಕ್ಕಾ ಯಾಕ ಕೊಡ್ಲಿ? ಪಕ್ಕದ ಮನಿಯವರ ಟೀವಿ ಫುಕಟ್ ಕೇಳಸ್ತದ!"

ದೀಪಾವಳಿ ಕಳೆದ ಮೇಲೆ ಒಂದು ದಿನ ಅಂಗಡಿಯವ ಕೈಮುಗಿದು ಮರಾಠಿಯಲ್ಲಿ ಬೇಡಿಕೊಂಡ: ಕಾಕಾ, ಇದೊಂದನ್ನು ಮನೆಗೆ ಒಯ್ಯಿರಿ, ಸೋಮವಾರ ತನ್ನಿ, ಆದರೆ ದಯವಿಟ್ಟು ಇವತ್ತು ಹೋಗಿ.

ಮನೆಯಲ್ಲಿ ಕೂತು ಕೇಳಿದರೆ ಅದೆಂಥ ಪರೀಕ್ಷೆ? ಹೊರಗಿನ ಸದ್ದನ್ನು ತಡೆಯುತ್ತದೋ ಇಲ್ಲವೋ ನೋಡಲು ಮಾಮಾ ಶನಿವಾರ ಬೆಳಿಗ್ಗೆ ರೈಲು ಹತ್ತಿದರು. ಹತ್ತಿರದ ದೌಂಡ ಸ್ಟೇಷನ್ನಿನ ತನಕ ಹೋಗಿ ಊಟದ ಹೊತ್ತಿಗೆ ವಾಪಸು ಬರುವುದೆಂದು ಲೆಕ್ಕ. ಮಾಮಿ ರೊಟ್ಟಿ, ಎಣ್ಣೆಗಾಯಿ ಮಾಡಿ ಕಾದಳು. ನಾನೂ ಕಾದೆ, ಎಣ್ಣೆಗಾಯಿಗಾಗಿ. ಮಧ್ಯಾಹ್ನ ಇಳಿಯುವ ಹೊತ್ತಿಗೆ, ದೌಂಡ ದಾಟಿ ಎಷ್ಟೋ ದೂರದ ಸೋಲಾಪುರದಿಂದ ಫೋನ್ ಬಂತು.

"ಪಾಸ್ ಆತು! ಒಂದು ಸಪ್ಪಳಾ ಒಳಗ ಬರಲಿಲ್ಲ!"

"ಹೌದ್ರಿ," ಎಂದಳು ಮಾಮಿ, "ದೌಂಡ ಸುದ್ದಾ ಪಾಸ್ ಆತಲ್ಲ!"

ಸೋಮವಾರ ಹಣ ಕೊಟ್ಟು ಅದನ್ನೇ ಕೊಂಡರು. ಅಂಗಡಿಯವ ಪೇಢೆ ಹಂಚಿದನೆಂದು ಕೇಳಿದ್ದೇನೆ, ಸುಳ್ಳಿರಲಾರದು.

ಮುಂದಿನ ಭಾನುವಾರ ಹೋದಾಗ ಮಾಮಾನ ಮುಖ ಮತ್ತೆ ಬಾಡಿತ್ತು. "ನನ್ನ ಕಿವಿ ಮ್ಯಾಲೆ ನನಗs ಭರೋಸಾ ಇಲ್ಲೋ. ಇನ್ನೊಂದು ಕಿವಿ ಕೇಳಬೇಕು." ನಾನು ಕಿವಿ ಮುಚ್ಚಿಕೊಂಡೆ. ಅವರು ನೇರ ಅಡುಗೆಮನೆಗೆ ನಡೆದರು.

"ಕೈಯೆಲ್ಲಾ ಹಿಟ್ಟಾಗ್ಯಾವ್ರಿ, ಈಗ ಬ್ಯಾಡ," ಎಂದಳು ಮಾಮಿ. ಮಾಮಾ ಕೇಳಲಿಲ್ಲ. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಮುಡಿಯ ಅಬೋಲಿ ಹೂವು ನಲುಗದಂತೆ ಪಕ್ಕಕ್ಕೆ ಸರಿಸಿ, ಹೆಡ್‌ಫೋನ್ ಏರಿಸಿ, ಗುಂಡಿ ಒತ್ತಿದರು.

ಮಾಮಿ ಬೆಚ್ಚಿ ಹಿಂದೆ ತಿರುಗಿದಳು. "ಯಾರೋ ಉಸರ ತೊಗೊಂಡ್ರಲ್ರಿ!"

"ಗವಾಯಿದು! ಕೇಳಿಸ್ತಲ್ಲ?" ಮಾಮಾ ಕುಣಿದರು. ಅವಳಿಗೆ ಅವರ ಮಾತು ಕೇಳಿಸಲೇ ಇಲ್ಲ. ಕಣ್ಣು ಮುಚ್ಚಿದ್ದಳು. ಬೆರಳಿನ ಹಿಟ್ಟು ಒಣಗತೊಡಗಿತು. ಸ್ವಲ್ಪ ಹೊತ್ತಿಗೆ ಗವಾಯಿಯ ಜೊತೆ ತಾನೂ ಹಾಡತೊಡಗಿದಳು. ಹಾಡುತ್ತಿದ್ದೇನೆಂಬುದು ಅವಳಿಗೇ ಗೊತ್ತಿಲ್ಲ, ಹಾಗಾಗಿ ಸಂಕೋಚವೂ ಇಲ್ಲ. ಗಟ್ಟಿಯಾಗಿ, ಮನೆ ತುಂಬ! ಗವಾಯಿಯ ಸ್ವರ ಪುಣೆಯಲ್ಲಿದ್ದರೆ ಮಾಮಿಯದು ಊರಾಚೆ ಸಾಸವಡದ ಘಾಟಿ ಹತ್ತುತ್ತಿತ್ತು.

ನನಗೆ ನಗು ಒತ್ತರಿಸಿ ಬಂತು. ಮಾಮಾ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಗದರಿಸಿದರು. ಕುಕ್ಕರು ಇನ್ನೇನು ಸೀಟಿ ಹೊಡೆಯುವುದರಲ್ಲಿತ್ತು. ತುದಿಗಾಲಲ್ಲಿ ಹೋಗಿ ಗ್ಯಾಸ್ ಆರಿಸಿದರು. ಕಿಟಕಿ ಮುಚ್ಚಿದರು. ಆಮೇಲೆ ಮಾಮಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಅರ್ಧಕ್ಕೆ ಬಿಟ್ಟ ಹಿಟ್ಟನ್ನು ತಮ್ಮ ಕಡೆ ಎಳೆದುಕೊಂಡು ನಾದತೊಡಗಿದರು.

"ಹೆಂಗದ, ಮಾಮಾ?" ಎಂದು ಪಿಸುಗುಟ್ಟಿದೆ.

ಅವರು ಮಾಮಿಯಿಂದ ಕಣ್ಣು ಕೀಳಲಿಲ್ಲ.

"ಇಷ್ಟ ವರ್ಷಾತು," ಎಂದರು, "ಇಕಿ ಹಾಡ್ತಾಳಂತ ನನಗ ಗೊತ್ತs ಇರಲಿಲ್ಲ ನೋಡು."