ಪಿಸ್ತೂಲು ಕೂಡಿಸುವ ಇಳಕಲ್ ಪದ್ಧತಿ

ಸರಕಾರದ ಪಿಸ್ತೂಲಿಗೂ ಒಳಗೊಂದು ಲೋಕವಿದೆ, ಆ ಲೋಕಕ್ಕೂ ಪೂಜೆ ಸಲ್ಲತಕ್ಕದ್ದು ಎಂಬ ಸಂಗತಿಯು 1908ನೇ ಇಸವಿಯ ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ದಿನ ಇಳಕಲ್ಲಿನ ನೂಲು ಸುಂಕದ ಕಚೇರಿಯಲ್ಲಿ ಅಧಿಕೃತವಾಗಿ ತೀರ್ಮಾನವಾಯಿತು. ಅಲ್ಲಿಯವರೆಗೆ ಆ ಕಚೇರಿಯವರು ಪಿಸ್ತೂಲಿಗೆ ಹೊರಗಿನಿಂದಲೇ ಕುಂಕುಮ ಹಚ್ಚಿ, ನಾಲ್ಕು ಕಾಳು ಅಕ್ಷತೆ ಹಾಕಿ, ಕೈ ಮುಗಿದು ಪಾನಕ ಕುಡಿಯುತ್ತಿದ್ದರು. ಇದರಲ್ಲಿ ಅನ್ಯಾಯವಿದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ಹೊಳೆದದ್ದು ದಫ್ತರದಾರ ಜಯತೀರ್ಥರಾಯರಿಗೆ. ಆ ಕಚೇರಿಗೆ ಅವರೇ ಹಿರಿಯರು. ತಲೆಮಾರುಗಳಿಂದ ತರ್ಕಶಾಸ್ತ್ರ ಓದಿಕೊಂಡು ಬಂದ ಮನೆತನ ಅವರದು. ಹೀಗಾಗಿ ಒಂದು ವಿಚಾರ ತಲೆಗೆ ಹೊಕ್ಕರೆ ಅದರ ಕಡೆತನಕ ಹೋಗದೆ ಬಿಡುವವರಲ್ಲ.

“ಖಾಸಿಂಸಾಬ, ದುಡಿಯೂದು ಒಳಗಿನವು, ಕುಂಕುಮ ಮಾತ್ರ ಹೊರಗಿನ ನಳಗಿಗೆ. ಇದು ನ್ಯಾಯ ಏನು? ಎಲ್ಲಾ ಬಿಚ್ಚು. ಒಂದೊಂದಕ್ಕೂ ಬೇರೆ ಬೇರೆ ಪೂಜಾ ಆಗಲಿ” ಎಂದರು ರಾಯರು.

“ಬಿಚ್ಚತೇನ್ರಿ ರಾಯರ. ಹೊಳ್ಳಿ ಕೂಡಸೂದು ಹ್ಯಾಂಗ್ರಿ?”

“ಬಿಚ್ಚಿದ್ದು ಕೂಡದ ಎಲ್ಲಿಗೆ ಹೋಗತದ?”

ಖಾಸಿಂಸಾಬ ಆ ಕಚೇರಿಯ ಪಹರೆಯವನು. ಸುಂಕದ ಪೆಟ್ಟಿಗೆಯನ್ನು ಕಾಯಲೆಂದು ಸರಕಾರ ಕೊಟ್ಟ ಪಿಸ್ತೂಲು ಅವನ ಸೊಂಟದಲ್ಲಿ ಜೋತಾಡುತ್ತಿತ್ತು. ಅದನ್ನು ಅವನು ಒಮ್ಮೆಯೂ ಹಾರಿಸಿರಲಿಲ್ಲ, ಹಾರಿಸುವ ಅಗತ್ಯವೂ ಬಿದ್ದಿರಲಿಲ್ಲ. ಪಿಸ್ತೂಲು ಬರುವ ಮೊದಲು ಊರವರು ಅವನನ್ನು ‘ಲೇ ಖಾಸಿಂ’ ಎನ್ನುತ್ತಿದ್ದರು. ಬಂದ ಮೇಲೆ ‘ಬರ್ರಿ ಖಾಸಿಂಸಾಬರ’ ಎಂದು ಕಟ್ಟೆಯ ಮೇಲೆ ಜಾಗ ಬಿಟ್ಟರು. ಮಗಳು ಖೈರುನಬಿಗೆ ಕಲಾದಗಿಯಲ್ಲಿ ಗಂಡು ಗೊತ್ತಾದದ್ದೂ ಹಾಗೆಯೇ. ಬೀಗ ಮಲೀಕಸಾಬ ಹೆಣ್ಣು ನೋಡಲು ಬಂದವನು ಹೆಣ್ಣಿಗಿಂತ ಹೆಚ್ಚು ಹೊತ್ತು ಪಿಸ್ತೂಲನ್ನೇ ನೋಡಿ, “ಇಂಥಾ ಮನಿತನ ಬ್ಯಾರೆ ಎಲ್ಲಿ ಸಿಗಬೇಕರಿ” ಎಂದು ಒಪ್ಪಿಕೊಂಡು ಹೋಗಿದ್ದ. ಪಿಸ್ತೂಲು ಹೋಗಿ ಕೈಗೆ ಬಡಿಗೆ ಬಂದರೆ ಆ ಮಾತು ಉಳಿಯುವ ಭರವಸೆ ಖಾಸಿಂಸಾಬನಿಗೆ ಇರಲಿಲ್ಲ. ಅದಕ್ಕೇ ಒಂದೊಂದು ತಿರುಪು ಬಿಚ್ಚುವಾಗಲೂ ಅವನು ರಾಯರ ಮುಖ ನೋಡುತ್ತಿದ್ದ.

ಬಾಳೆ ಎಲೆಯ ಮೇಲೆ ಪಿಸ್ತೂಲು ಪೂರಾ ಬಿಚ್ಚಿ ಬಿದ್ದಿತು. ಗುಂಡು ಹೊರಡುವ ನಳಗಿ, ಹಿಡಿಕೆ, ಬೆರಳಿನಿಂದ ಎಳೆಯುವ ಕುದುರೆ, ತಿರುಪು, ಹೆಸರು ಗೊತ್ತಿಲ್ಲದ ಇನ್ನಷ್ಟು ಉಕ್ಕು. ರಾಯರು ದೊಡ್ಡದರಿಂದ ಸಣ್ಣದರವರೆಗೆ ಮಂತ್ರ ಹೇಳಿ, ಗಂಧ ಅರಿಷಿಣ ಕುಂಕುಮ ಏರಿಸಿದರು. ತಿರುಪಿನ ತೂತುಗಳಿಗೂ ಅಕ್ಷತೆ ಬಿದ್ದಿತು. ಇಷ್ಟು ನ್ಯಾಯವಾದ ಪೂಜೆಯನ್ನು ತಾವು ಕಂಡಿಲ್ಲವೆಂದು ಕಾರಕೂನರೆಲ್ಲ ಹೇಳಿದರು.

ವಿಜಯದಶಮಿಗೆ ಬನ್ನಿ ಮುಡಿದ ಮರುದಿನ ಕೂಡಿಸುವ ಕೆಲಸ ಸುರುವಾಯಿತು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆ ಬಂದಾಗ ರಾಯರು ಕ್ಷಣವೂ ಯೋಚಿಸಲಿಲ್ಲ. ಯಾವ ಕ್ರಮದಲ್ಲಿ ಪೂಜೆಯಾಗಿದೆಯೋ ಅದೇ ಕ್ರಮದಲ್ಲಿ ಜೋಡಣೆಯಾಗತಕ್ಕದ್ದು. ಹಿರಿಯರು ಕೂಡ್ರುವ ಮೊದಲು ಕಿರಿಯರು ಕೂಡ್ರುವುದು ಶಿಸ್ತಲ್ಲ. ಹಾಗಾಗಿ ನಳಗಿ ಮೊದಲು ಕೂತಿತು, ಹಿಡಿಕೆ ಆಮೇಲೆ ಕೂತಿತು, ಬಿಗಿಯಾಗಿ ಮುಚ್ಚಿಕೊಂಡಿತು. ಒಳಗೆ ಹೋಗಿ ಕುದುರೆಗೆ ಬಿಗುವು ಕೊಡಬೇಕಾಗಿದ್ದ ಬೆರಳುದ್ದದ ಬಾಗಿದ ಉಕ್ಕಿನ ಕಮಾನು, ಸಣ್ಣದೆಂಬ ಕಾರಣಕ್ಕೆ ಕಡೆಯಲ್ಲಿ ಪೂಜೆಗೊಂಡದ್ದು, ಬಾಳೆ ಎಲೆಯ ಮೇಲೆಯೇ ಉಳಿಯಿತು. ಎಷ್ಟು ಹುಡುಕಿದರೂ ಅದಕ್ಕೆ ಜಾಗ ಸಿಗಲಿಲ್ಲ.

ರಾಯರು ಪಿಸ್ತೂಲನ್ನು ಎತ್ತಿ ನೋಡಿದರು, ತಿರುಗಿಸಿ ನೋಡಿದರು, ಖಾಸಿಂಸಾಬನ ಸೊಂಟಕ್ಕೆ ಕಟ್ಟಿಸಿ ನೋಡಿದರು. ಮೊದಲಿನಂತೆಯೇ ಜೋತಾಡಿತು. ಸಂಜೆಯೊಳಗೆ ಕಚೇರಿಯ ಬಾಗಿಲಿಗೆ ಪ್ರಕಟಣೆ ಬಿತ್ತು:

‘ಈ ಮೂಲಕ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ, ಸದರಿ ಪಿಸ್ತೂಲು ಪೂರ್ತಿಯಾಗಿ ಜೋಡಣೆಗೊಂಡಿದ್ದು, ಜೋಡಣೆಯ ನಂತರ ಒಂದು ಕಮಾನು ಶಿಲ್ಕು ಉಳಿದಿರುತ್ತದೆ. ಪೂರ್ತಿಯಾದ ವಸ್ತುವಿನಲ್ಲಿ ಕೊರತೆ ಇರಲಾರದಾದ ಕಾರಣ, ಉಳಿದದ್ದು ಹೆಚ್ಚಿನದೆಂದೇ ತಿಳಿಯತಕ್ಕದ್ದು. ಇದಕ್ಕೆ ವಿರುದ್ಧವಾಗಿ ತಿಳಿಯುವವರು ಲಿಖಿತ ಅನುಮತಿ ಪಡೆಯತಕ್ಕದ್ದು.’

ಮನೆಯಲ್ಲಿ ಹೆಂಡತಿ ರೋಷನಬಿ ಲಿಖಿತ ಅನುಮತಿ ಪಡೆಯದೆಯೇ ಕೇಳಿದಳು. “ಒಳಗಿಂದು ಹೊರಗ ಉಳೀತಂದ್ರ ಒಳಗ ಕಡಿಮಿ ಬಿದ್ದಂಗ ಅಲ್ಲೇನು?”

“ರಾಯರು ಶಾಸ್ತ್ರಾ ಓದ್ಯಾರ. ನೀ ರೊಟ್ಟಿ ಬಡಿ” ಎಂದ ಖಾಸಿಂಸಾಬ. ಅವನಿಗೂ ಅದೇ ಅನಿಸಿತ್ತು. ಆದರೆ ಮಗಳ ನಿಕಾಹ ಮುಗಿಯುವವರೆಗೆ ಏನೂ ಅನಿಸಬಾರದೆಂದು ನಿರ್ಧರಿಸಿದ್ದ.

ಅಷ್ಟರಲ್ಲಿ ಮೇಲಿನ ಸಾಹೇಬರು ಕುದುರೆ ಏರಿ ತಪಾಸಣೆಗೆ ಬಂದರು. ಕಾಗದಪತ್ರ ನೋಡಿ ಬೇಸರವಾಗಿ, ಗೋಡೆಯ ಮೇಲೆ ಒಂದು ಕುಂಬಳಕಾಯಿ ಇಡಿಸಿ, ಪಹರೆಯವನು ಗುಂಡು ಹಾರಿಸಲಿ ಎಂದರು. ಖಾಸಿಂಸಾಬ ಬಿಸ್ಮಿಲ್ಲಾ ಎಂದು ಪಿಸ್ತೂಲಿನ ಕುದುರೆ ಎಳೆದ. ಅದು ಬೀಳಲಿರುವ ಹಾಲುಹಲ್ಲಿನಂತೆ ಹಿಂದೆ ಮುಂದೆ ಅಲ್ಲಾಡಿತು. ಮತ್ತೆ ಎಳೆದ. ಕುಂಬಳಕಾಯಿ ಕೂತಲ್ಲೇ ಕೂತಿತ್ತು. ಕಲಾದಗಿಯ ಸಂಬಂಧ ಕಣ್ಣೆದುರೇ ಕೈ ಬಿಟ್ಟುಹೋಯಿತೆಂದುಕೊಂಡ.

ರಾಯರು ಮುಂದೆ ಬಂದು ಪೇಟ ಸರಿಪಡಿಸಿಕೊಂಡರು. “ಸಾಹೇಬರ, ನಮ್ಮ ಪದ್ಧತಿಯಿಂದ ಕೂಡಿಸಿದ ಪಿಸ್ತೂಲು ಗುಂಡು ಖರ್ಚು ಮಾಡೂದಿಲ್ಲ. ಮ್ಯಾಲೆ ಒಂದು ಕಮಾನೂ ಉಳಿಸಿ ಕೊಡತದ.”

ಸಾಹೇಬರ ಮುಖ ಅರಳಿತು. ಅದಕ್ಕೆ ಕಾರಣವಿತ್ತು. ಆ ವರ್ಷ ಅವರ ಕೈಕೆಳಗಿನ ಒಬ್ಬ ಪಹರೆಯವನು ತನ್ನ ಹೆಬ್ಬೆರಳನ್ನೇ ಹಾರಿಸಿಕೊಂಡಿದ್ದ, ಇನ್ನೊಬ್ಬ ಬೀಗರ ಎಮ್ಮೆಯನ್ನು ಕೊಂದಿದ್ದ. ಒಂದೊಂದಕ್ಕೂ ಮುಂಬಯಿಗೆ ಉತ್ತರ ಬರೆದು ಸಾಹೇಬರು ಸೊರಗಿದ್ದರು. ಎಂದೂ ಹಾರದ ಪಿಸ್ತೂಲಿನಿಂದ ಎಂದೂ ತಕರಾರು ಬರಲಾರದು. ತಿಂಗಳೊಪ್ಪತ್ತಿನಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದ, ಗುಳೇದಗುಡ್ಡದ ಎಲ್ಲ ನೂಲು ಸುಂಕದ ಕಚೇರಿಗಳಿಗೆ ಹುಕುಂ ಹೊರಟಿತು: ಪಿಸ್ತೂಲುಗಳನ್ನು ಬಿಚ್ಚಿ, ಇಳಕಲ್ ಪದ್ಧತಿಯಂತೆ ಕೂಡಿಸಿ, ಶಿಲ್ಕು ಕಮಾನನ್ನು ಸಾಹೇಬರ ಬಂಗಲೆಗೆ ಕಳಿಸತಕ್ಕದ್ದು. ಕಮಾನು ಬಾರದ ಕಚೇರಿಯಲ್ಲಿ ಪಿಸ್ತೂಲನ್ನು ತಪ್ಪಾಗಿ ಕೂಡಿಸಲಾಗಿದೆಯೆಂದು ತಿಳಿದು ಶಿಕ್ಷೆ ಕೊಡಲಾಗುವುದು. ಬಂದ ಕಮಾನುಗಳನ್ನು ಮೇಮಸಾಹೇಬರು ಕಿಟಕಿಯ ಪರದೆ ಹಿಡಿದಿಡಲು ಬಳಸಿದರು. ಭಾಳ ಗಟ್ಟಿ ಮಾಲು ಎಂದು ಮೆಚ್ಚಿಕೊಂಡರಂತೆ. ಸಾಹೇಬರಿಗೆ ಬಡತಿ ಸಿಕ್ಕಿತು, ಜಯತೀರ್ಥರಾಯರಿಗೆ ರಾವಸಾಹೇಬ ಎಂಬ ಪದವಿ ಸಿಕ್ಕಿತು.

ಖಾಸಿಂಸಾಬ ಪಿಸ್ತೂಲು ಕೂಡಿಸುವ ಮಾಸ್ತರನಾದ. ಎತ್ತಿನ ಗಾಡಿಯಲ್ಲಿ ಊರೂರಿಗೆ ಹೋಗಿ ಪದ್ಧತಿ ಕಲಿಸಿದ. ಪೂಜೆಯ ಭಾಗವನ್ನು ಆಯಾ ಊರಿನ ಆಚಾರ್ಯರು ನೋಡಿಕೊಂಡರು. ಖೈರುನಬಿಯ ನಿಕಾಹ ಧಾಮಧೂಮಿನಿಂದ ಆಯಿತು. ಅಳಿಯ ಗೌಸಸಾಬ ಒಳ್ಳೆಯ ಹುಡುಗ, ಮಾತು ಕಡಿಮೆ, ಮಾವನೆಂದರೆ ಪ್ರಾಣ. ಅವನಿಗೂ ಗುಳೇದಗುಡ್ಡದ ಕಚೇರಿಯಲ್ಲಿ ಪಹರೆಯ ಕೆಲಸ ಕೊಡಿಸಿ, ಪಿಸ್ತೂಲನ್ನು ಖಾಸಿಂಸಾಬ ತನ್ನ ಕೈಯಾರೆ ಕೂಡಿಸಿ ಅವನ ಸೊಂಟಕ್ಕೆ ಕಟ್ಟಿದ. ಕಮಾನನ್ನು ಚೀಟಿಯಲ್ಲಿ ಸುತ್ತಿ ಬಂಗಲೆಗೆ ಕಳಿಸಿದ. ಆ ದಿನ ಅವನಷ್ಟು ಸಂತೋಷಪಟ್ಟವರು ಆ ಸೀಮೆಯಲ್ಲಿ ಇರಲಿಕ್ಕಿಲ್ಲ.

ಮುಂದಿನ ಬೇಸಿಗೆಯಲ್ಲಿ ಸುಂಕದ ಪೆಟ್ಟಿಗೆ ಬಾಗಲಕೋಟೆಗೆ ಹೋಗುವಾಗ ಶಿರೂರಿನ ದಾರಿಯಲ್ಲಿ ದರೋಡೆಯವರು ಗಾಡಿಯನ್ನು ಅಡ್ಡಗಟ್ಟಿದರು. ಗಾಡಿಯವನು ಓಡಿಹೋದ. ಗೌಸಸಾಬ ಓಡಲಿಲ್ಲ; ಅವನ ಬಳಿ ಪಿಸ್ತೂಲಿತ್ತು, ಅದನ್ನು ಅವನ ಮಾವ ಕೂಡಿಸಿದ್ದ. ಅವನು ಅದನ್ನು ಎತ್ತಿ ಹಿಡಿದಾಗ ದರೋಡೆಯವರು ಹೆದರಿ ನೆಲಕ್ಕೆ ಬಿದ್ದರು. ಅವನು ಕುದುರೆ ಎಳೆದ, ಎಳೆಯುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಅವರು ಎದ್ದು, ಧೋತರದ ಧೂಳು ಜಾಡಿಸಿಕೊಂಡು, ಕೊಡಲಿಯ ಕಾವಿನಿಂದ ಅವನ ಬಲಗೈ ಮುರಿದು, ಪೆಟ್ಟಿಗೆ ಎತ್ತಿಕೊಂಡು ಹೋದರು.

ಗುಂಡು ಏಕೆ ಹಾರಲಿಲ್ಲವೆಂದು ಬಾಗಲಕೋಟೆಯಲ್ಲಿ ಚೌಕಶಿ, ಅಂದರೆ ವಿಚಾರಣೆ, ಕೂತಿತು. ಪಿಸ್ತೂಲು ಸರಿಯಾಗಿ ಕೂಡಿದೆಯೋ ಇಲ್ಲವೋ ಎಂದು ಹೇಳಲು ಮಾಸ್ತರ ಖಾಸಿಂಸಾಬನನ್ನೇ ಕರೆಸಿದರು. ಬಾಗಿಲಲ್ಲಿ ಖೈರುನಬಿ ಅವನ ಅಂಗಿ ಹಿಡಿದು ನಿಲ್ಲಿಸಿದಳು.

“ಅಬ್ಬಾ, ಅದರಾಗ ಕಮಾನಿಲ್ಲ ಅಂತ ಒಂದ ಮಾತು ಹೇಳು. ಅಷ್ಟ ಸಾಕು. ಇಲ್ಲಾಂದ್ರ ಇವರ ನೌಕರಿ ಹೋಗತೈತಿ, ಮಾನಾನೂ ಹೋಗತೈತಿ.”

ಖಾಸಿಂಸಾಬ ಹೇಳಬೇಕೆಂದೇ ಒಳಗೆ ಹೋದ. ಅಲ್ಲಿ ಬಡತಿ ಹೊಂದಿದ ಸಾಹೇಬರು ಕೂತಿದ್ದರು, ಪಕ್ಕದಲ್ಲಿ ರಾವಸಾಹೇಬ ಜಯತೀರ್ಥರಾಯರು ಕೂತಿದ್ದರು. ರಾಯರು ಪ್ರೀತಿಯಿಂದಲೇ ಕೇಳಿದರು:

“ಮಾಸ್ತರ, ಇದನ್ನ ಪದ್ಧತಿ ಪ್ರಕಾರ ಕೂಡಿಸೀರಿ ಹೌದಲ್ಲೋ? ತಪ್ಪು ಕೂಡಿಸಿದ್ದರ ಹೇಳ್ರಿ. ನಿಮ್ಮ ಕೈಯಿಂದನ ಎಲ್ಲಾ ಕಚೇರಿ ಪಿಸ್ತೂಲು ಕೂಡ್ಯಾವ. ಎಲ್ಲಾದಕ್ಕೂ ನೀವ ಜವಾಬ ಕೊಡಬೇಕಾಗತದ.”

ಖಾಸಿಂಸಾಬನಿಗೆ ಊರಿನ ಕಟ್ಟೆ ನೆನಪಾಯಿತು, ಸೆರೆಮನೆಯೂ ನೆನಪಾಯಿತು. “ಬರೋಬ್ಬರಿ ಐತ್ರಿ” ಎಂದ.

ತೀರ್ಪು ಆ ಮಧ್ಯಾಹ್ನವೇ ಹೊರಬಿತ್ತು. ಪಿಸ್ತೂಲಿನಲ್ಲಿ ದೋಷವಿಲ್ಲ, ಆದರೂ ಗುಂಡು ಹಾರಿಲ್ಲ. ಆದ್ದರಿಂದ ದೋಷವು ಎಳೆದವನ ಬೆರಳಿನದು. ಬೆರಳಿಗೆ ಸಾಕಷ್ಟು ಬಲವಿಲ್ಲದ ಗೌಸಸಾಬನನ್ನು ಕೆಲಸದಿಂದ ತೆಗೆಯಲಾಗಿದೆ. ಇನ್ನು ಮುಂದೆ ಎಲ್ಲ ಪಹರೆಯವರ ಬೆರಳುಗಳನ್ನು ವರ್ಷಕ್ಕೊಮ್ಮೆ ದವಾಖಾನೆಯಲ್ಲಿ ತಪಾಸಿಸತಕ್ಕದ್ದು.

ಗೌಸಸಾಬ ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಹೊರಗೆ ಬಂದ. ಖಾಸಿಂಸಾಬ ಮುಖ ಎತ್ತಲಾರದೆ ಗೋಡೆಗೆ ಒರಗಿ ನಿಂತಿದ್ದ. ಅಳಿಯ ಹತ್ತಿರ ಬಂದು ತಲೆ ತಗ್ಗಿಸಿದ.

“ತಪ್ಪು ನಂದ್ರೀ ಮಾವಾರ. ನೀವು ಕೂಡಿಸಿ ಕೊಟ್ಟ ಪಿಸ್ತೂಲಿಗೆ ನಾ ಕೆಟ್ಟ ಹೆಸರು ತಂದ್ನಿ. ಬೆರಳಿಗೆ ಕಸುವು ಸಾಲಲಿಲ್ಲ.”

ಖಾಸಿಂಸಾಬ ಅವನ ಹೆಗಲ ಮೇಲೆ ಕೈ ಇಟ್ಟ. “ಹೌದಪಾ, ಸಾಲಲಿಲ್ಲ” ಎಂದ.

ಖೈರುನಬಿ ಇಬ್ಬರನ್ನೂ ನೋಡುತ್ತ ನಿಂತಿದ್ದಳು, ಒಂದು ಮಾತೂ ಆಡಲಿಲ್ಲ. ಮಾತಾಡದವರನ್ನು ತೀರ್ಪಿಗೆ ಒಪ್ಪಿದವರೆಂದೇ ಬರೆದುಕೊಳ್ಳತಕ್ಕದ್ದೆಂಬ ನಿಯಮ ಆ ಇಲಾಖೆಯಲ್ಲಿ ಮೊದಲಿನಿಂದಲೂ ಇತ್ತು. ಕಾರಕೂನ ಹಾಗೆಯೇ ಬರೆದುಕೊಂಡ.